ರೀಲಿನ ಮೇಲಿನ ಕಲೆ

ಎನ್.ಆರ್. ಕಾಲೋನಿ, ಬೆಂಗಳೂರು
14-8-2024

ಏನೂಂದ್ರೆ,

ಕಾಗದದಲ್ಲೂ ನಿಮ್ಮ ಹೆಸರು ಹಿಡಿಯಲು ನನಗೆ ಬಾರದು, ನಗಬೇಡಿ. ಕಣ್ಣು ಹೇಗಿದೆ? ಆಪರೇಷನ್ ಆದ ಕಣ್ಣಿಗೆ ಒಂದು ತಿಂಗಳು ನೀರು ಸೋಕಬಾರದೆಂದು ಡಾಕ್ಟರು ಹೇಳಿದ್ದಾರೆ. ಮೈಸೂರು, ತಂಗಿಯ ಮನೆ ಎಂದು ಸಲಿಗೆಯಿಂದ ತಲೆಗೆ ನೀರು ಹಾಕಿಕೊಂಡುಬಿಡಬೇಡಿ. ಕಾಗದ ಓದಿ ಹೇಳಲು ತಂಗಿಯ ಮಗಳು ಆರಾಧನಾ ಇದ್ದಾಳೆಂಬುದೇ ಧೈರ್ಯ. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ನನ್ನ ಬಾಯಿ ಕಟ್ಟಿಹೋಗುತ್ತದೆ.

ಹೋದ ವಾರ ಮಲ್ಲೇಶ್ವರದಿಂದ ವಸಂತ್ ಎಂಬವರು ಫೋನ್ ಮಾಡಿದ್ದರು. ಹಳೆಯ ಸಿನಿಮಾ ರೀಲು ಸಂಗ್ರಹಿಸುವವರಂತೆ. ನೀವು ಹನ್ನೊಂದು ವರ್ಷ ಬ್ಯಾಂಕಿನಿಂದ ಬಂದು, ಕೋಣೆಯ ಬಾಗಿಲು ಹಾಕಿಕೊಂಡು ಮಾಡಿದ ಆ ಒಂದು ರೀಲು ನೋಡಬೇಕೆಂದರು. "ಅಮ್ಮಾ, ರೀಲಿನ ಮೇಲೆ ಕಲೆ ಹಾಗೇ ಉಳಿದಿದೆಯಾ, ಸ್ವಲ್ಪ ನೋಡ್ತೀರಾ?" ಅಂದರು. ಅಟ್ಟದಿಂದ ಡಬ್ಬಿ ಇಳಿಸಿ ಬಿಚ್ಚಿದೆ. ಮನುಷ್ಯರಿಲ್ಲ, ಮನೆಯಿಲ್ಲ, ಉದ್ದಕ್ಕೂ ಕೆಂಪು, ನೀಲಿ ಕಲೆಗಳೇ. ಅಟ್ಟ ಸೋರಿ ಬೂಷ್ಟು ಹಿಡಿದಿದೆಯೆಂದು ನಾಚಿಕೆಯಾಯಿತು. ನಿಮ್ಮ ಮರ್ಯಾದೆ ಹೋಗಬಾರದೆಂದು ನಿಮ್ಮ ಹಳೇ ಪಂಚೆಯ ತುಂಡು ಒದ್ದೆ ಮಾಡಿ, ಎರಡು ಮಧ್ಯಾಹ್ನ ಕೂತು ಮೊಳ ಮೊಳವಾಗಿ ಒರೆಸಿದೆ. ಗಾಜಿನ ಹಾಗಾಯಿತು. ಹೆಮ್ಮೆಯೂ ಆಯಿತು, ಏನು ಹೇಳಲಿ.

ನಿನ್ನೆ ಅವರೇ ಪ್ರೊಜೆಕ್ಟರ್ ತಂದು ನಡುಮನೆಯ ಗೋಡೆಗೆ ಬಿಟ್ಟರು. ಏಳು ನಿಮಿಷ ಬರೀ ಬೆಳಕು. ಗೋಡೆಯ ಬಿರುಕು ಮಾತ್ರ ಕಂಡಿತು. "ಕಲೆ ಎಲ್ಲಮ್ಮಾ?" ಅಂದರು. "ಒಂದೂ ಬಿಡದೆ ತೆಗ್ದಿದೀನಿ" ಅಂದೆ. ಅವರು ಪ್ರೊಜೆಕ್ಟರ್ ಆರಿಸಿದರು. ಕ್ಯಾಮೆರಾ ಇಲ್ಲದೆ ರೀಲಿನ ಮೇಲೇ ಕೈಯಿಂದ ಬರೆದ ಚಿತ್ರ, ಜಗತ್ತಿನಲ್ಲಿ ಇದಕ್ಕೆ ಇನ್ನೊಂದು ಪ್ರತಿಯಿಲ್ಲ, ಅದಕ್ಕೇ ನಮ್ಮಂಥವರು ಹುಡುಕಿಕೊಂಡು ಬರುವುದು ಎಂದು ಮೆಲ್ಲಗೆ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಅದರಲ್ಲಿ ಯಾರಿದ್ದಾರೆ ಎಂದು ಕೇಳಿದಾಗಲೆಲ್ಲ "ಯಾರೂ ಇಲ್ಲ ಕಣೇ, ಬಣ್ಣವೇ ಕುಣಿಯುತ್ತೆ" ಎನ್ನುತ್ತಿದ್ದಿರಿ. ತಮಾಷೆ ಎಂದುಕೊಂಡೆ. ಒಂದು ದಿನವಾದರೂ ತೋರಿಸಿ ಅನ್ನಲಿಲ್ಲ.

ಕಣ್ಣು ವಾಸಿಯಾಗಲೆಂದು ದಿನಾ ತುಪ್ಪದ ದೀಪ ಹಚ್ಚುತ್ತಿದ್ದೇನೆ. ನಾದಿನಿಗೆ ನನ್ನ ನೆನಪು ಹೇಳಿ. ಬೇಗ ಬಂದು ನೀವೇ ಬಯ್ಯಿರಿ.

ನಿಮ್ಮ
ರಂಗನಾಯಕಿ

ತಾ.ಕ.: ಆರಾಧನಾ, ಮೈಸೂರಿಗೆ ಹೊರಟ ಪಕ್ಕದ ಮನೆ ಶೀನಣ್ಣ ಕಾಗದಕ್ಕಾಗಿ ಬಾಗಿಲಲ್ಲಿ ನಿಂತಿದ್ದಾನೆ, ಅವಸರ. ಇದನ್ನು ಮೊದಲು ನೀನೊಬ್ಬಳೇ ಮನಸ್ಸಿನಲ್ಲಿ ಓದಿಕೋ. ಮಾವನಿಗೆ ಈಗಲೇ ಓದಿ ಹೇಳಬೇಡಮ್ಮ, ಅವರ ಕಣ್ಣಲ್ಲಿ ನೀರು ಬರಬಾರದು. ಈ ಮಾತನ್ನು ಕಾಗದದ ತಲೆಯಲ್ಲೇ ಬರೆಯಬೇಕಿತ್ತು.