ಉಮ್ಮಿ ಕಲಿತ ಒಂದೇ ಜರ್ಮನ್ ಪದ

ಮಹ್ದಿಯಾ
ನವೆಂಬರ್ 12

ಮುದ್ದು ಮಗಳು ಅಬೀರ್‌ಗೆ,

ಹೇಗಿದ್ದೀಯಾ ತಾಯಿ? ಅಲ್ಲಿ ಚಳಿ ಹಿಡಿದಿರಬೇಕು. ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತೀಯೋ, ಇಲ್ಲಾ ಅಂದಕ್ಕೆ ಕಡಿಮೆ ಅಂತ ಪೆಟ್ಟಿಗೆಯಲ್ಲೇ ಇಟ್ಟಿದ್ದೀಯೋ? ಪಾಳಿ ಮುಗಿಸಿ ಬಂದು ಬರೀ ಕಾಫಿ ಕುಡಿದು ಮಲಗಬೇಡ. ಹುರಿಹಿಟ್ಟು ಕಳಿಸಿದ್ದೇನಲ್ಲ, ಅದಕ್ಕೆ ಆಲಿವ್ ಎಣ್ಣೆ ಕಲಸಿಕೊಂಡು ಎರಡು ತುತ್ತು ತಿನ್ನು. ಹುರಿದು ಬೀಸಿದವರು ಯಾರು ಎಂದು ಕೇಳಬೇಡ, ತಿನ್ನು. ನನ್ನ ಮಂಡಿನೋವು ಇದೆ, ನನ್ನಷ್ಟೇ ಹಟಮಾರಿ ಅದು. ಉಳಿದಂತೆ ದೇವರ ದಯೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಬಾಬಾ ಅನ್ನುತ್ತೀ. ಫೋನ್ ಎತ್ತಿದ ಕೂಡಲೇ ನೀನು ನರ್ಸ್ ಆಗಿಬಿಡುತ್ತೀ ಮಗಳೇ. ನಾನು ಬಾಯಿ ತೆರೆಯುವ ಮೊದಲೇ ರಿಪೋರ್ಟ್ ಎಲ್ಲಿ ಎನ್ನುತ್ತೀ. ಕಾಗದವಾದರೆ ನಾನು ಮುಗಿಸುವವರೆಗೆ ಸುಮ್ಮನೆ ಕೇಳುತ್ತದೆ.

ನಮ್ಮೂರಿಗೆ ಈಗ ಜರ್ಮನ್ ಹುಚ್ಚು. ಟೈರ್ ಅಂಗಡಿಯ ಮಹಡಿಯ ಮೇಲೆ ನೀನು ಕಲಿತ ಕ್ಲಾಸಿನಲ್ಲಿ ಕೂರಲು ಜಾಗವಿಲ್ಲ, ಮೆಟ್ಟಿಲ ಮೇಲೂ ಹುಡುಗಿಯರು. ಮೀನು ಮಾರುಕಟ್ಟೆಯಲ್ಲಿ ಗಿರಾಕಿ ಇಲ್ಲದಾಗ ಹುಡುಗರು ಕ್ರಿಯಾಪದ ಉರು ಹೊಡೆಯುತ್ತಾರೆ. ನಿಮ್ಮ ಆ ಮೇಷ್ಟ್ರು ಹೊಸಬರಿಗೆಲ್ಲ ಹೇಳುವುದು ನಿನ್ನ ಹೆಸರನ್ನೇ: "ಶಾದ್ಲಿ ಸರ್ ಮಗಳನ್ನ ನೋಡ್ರೋ. ನರ್ಸಿಂಗ್ ಓದಿ ಮೂರು ವರ್ಷ ಮನೇಲಿ ಬಟಾಣಿ ಸುಲೀತಾ ಕೂತಿದ್ಳು. ನಾಲಿಗೆ ತಿರುಗಿದ್ದೇ ತಡ, ಬಾಗಿಲು ತಾನಾಗೇ ತೆಗೀತು." ಕೇಳಿದಾಗ ನನಗೆ ಹೆಮ್ಮೆಯೇ ಆಗುತ್ತದೆ. ಮೀನುಗಾರನ ಮಗನಾದ ನನ್ನನ್ನು ದೋಣಿಯಿಂದ ಇಳಿಸಿ ಕರಿಹಲಗೆಯ ಮುಂದೆ ನಿಲ್ಲಿಸಿದ್ದೂ ಒಂದು ಪರಭಾಷೆಯೇ ಅಲ್ಲವೇ. "ನಿಮ್ಮ ಫ್ರೆಂಚು ಔಷಧಿ ಚೀಟಿ ಓದೋಕೆ ಸಾಕು ಬಾಬಾ, ವೀಸಾ ಕೊಡ್ಸೋದು ಜರ್ಮನ್ನು" ಎಂದು ನೀನು ನನ್ನನ್ನು ರೇಗಿಸುತ್ತಿದ್ದೆ. ನಿಜವನ್ನೇ ಹೇಳಿದ್ದೆ. ಯಾರಾದರೂ ಕೇಳಿದರೆ ಈಗಲೂ ಹೇಳುತ್ತೇನೆ, ಕಲಿಯಿರಿ, ಇನ್ನೊಂದು ಭಾಷೆ ಕಲಿಯಿರಿ.

ಪರೀಕ್ಷೆಗೆ ಮುಂಚಿನ ಚಳಿಗಾಲ ನಿನಗೆ ನೆನಪಿದೆಯಲ್ಲ? ರೋಗಿಯ ಜೊತೆ ಮಾತಾಡುವ ಅಭ್ಯಾಸಕ್ಕೆ ನಿನಗೊಬ್ಬ ರೋಗಿ ಬೇಕಿತ್ತು, ನಿನ್ನಮ್ಮ, ನಿನ್ನ ಉಮ್ಮಿ, ಸಿಕ್ಕಿದಳು. ನನ್ನ ಬಿಳಿ ಅಂಗಿ ತೊಟ್ಟುಕೊಂಡು, ಅವಳನ್ನು ದಿವಾನದ ಮೇಲೆ ಮಲಗಿಸಿ, ಎಲ್ಲಿ ನೋಯುತ್ತಿದೆ ಎಂದು ಜರ್ಮನ್‌ನಲ್ಲಿ ಗತ್ತಿನಿಂದ ಕೇಳುತ್ತಿದ್ದೆ. ಅವಳ ಜೀವವೆಲ್ಲ ಒಲೆಯ ಮೇಲಿನ ಮ್ಲೂಖಿಯಾದ ಮೇಲೆ. "ಎಲ್ಲೂ ನೋಯ್ತಿಲ್ಲ ಕಣೇ, ಬಿಡೇ ನನ್ನ, ಸಾರು ತಳ ಹಿಡಿಯತ್ತೆ" ಎನ್ನುತ್ತಿದ್ದಳು. ನೀನು ಬಿಡುತ್ತಿರಲಿಲ್ಲ. ತಲೆ, ಕೈ, ಹೊಟ್ಟೆ ಎಂದು ಮುಟ್ಟಿ ಮುಟ್ಟಿ ಹೇಳಿಸುತ್ತಿದ್ದೆ, ಒಂದೂ ಅವಳ ನಾಲಿಗೆಗೆ ಹತ್ತಲಿಲ್ಲ. ಕಡೆಗೆ ಬಲಪಕ್ಕೆಯ ಕೆಳಗೆ ಕೈಯಿಟ್ಟು "ಲೇಬಾ" ಎಂದೆ ನೋಡು, ಆಗ ಎದ್ದು ಕೂತಳು. "ಅಂದ್ರೆ ಕೆಬ್ದಾನಾ?" "ಹ್ಞೂಂ ಉಮ್ಮಿ, ಅದೇ, ಲಿವರ್." "ಅಯ್ಯೋ, ಆ ಜನಕ್ಕೂ ಇದೆಯೇನೇ ಅದು!" ಎಂದು ಬಿದ್ದು ಬಿದ್ದು ನಕ್ಕಳು. ಆ ಒಂದು ಪದವನ್ನು ಮಾತ್ರ ಅವಳು ಮರೆಯಲಿಲ್ಲ.

ಮರೆಯುವುದಾದರೂ ಹೇಗೆ? ಬೇರೆ ನಾಡುಗಳಲ್ಲಿ ಮಕ್ಕಳ ಸಂಕಟ ತಾಯಂದಿರ ಕರುಳಿಗೆ ತಾಗುತ್ತದಂತೆ. ನಮ್ಮ ಹೆಂಗಸರಿಗೆ ಅದು ಕೆಬ್ದಾಕ್ಕೇ ತಾಗಬೇಕು. ನೀನೂ ನಿನ್ನಕ್ಕ ಸಲ್ವಾನೂ ಶಾಲೆಯಿಂದ ಬರುವುದು ಕಂಡರೆ ಬಾಗಿಲಲ್ಲಿ ನಿಂತು "ಬನ್ರೇ ನನ್ ಕೆಬ್ದಾ" ಎಂದು ಕರೆಯುತ್ತಿದ್ದಳು. ಬರುವುದು ಸ್ವಲ್ಪ ತಡವಾದರೆ "ಕೆಬ್ದಾ ಉರೀತಿದೆ, ಹೋಗಿ ನೋಡ್ಕೊಂಡ್ ಬನ್ನಿ" ಎಂದು ನನ್ನನ್ನು ಚಪ್ಪಲಿ ಮೆಟ್ಟಲೂ ಬಿಡದೆ ಅಟ್ಟುತ್ತಿದ್ದಳು.

ಈಗ ಕೇಳು ಅಬೀರ್. ಕಳೆದ ವರ್ಷ ಈದ್ ದಿನ ನೀನು ಆಸ್ಪತ್ರೆಯಿಂದ ಫೋನ್ ಮಾಡಿದ್ದೆಯಲ್ಲ. ನಿನ್ನ ನೆನಪಾಗಿ ಕೆಬ್ದಾ ಉರಿಯುತ್ತಿದೆ ಎಂದು ನಿನ್ನ ಹೊಸ ಭಾಷೆಯಲ್ಲೇ ಹೇಳಬೇಕೆಂದು ಅವಳಿಗೆ ಆಸೆ. ಬೆಳಗಿನಿಂದ ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ಗೊಣಗಿಕೊಳ್ಳುತ್ತಿದ್ದಳು. ನೀನು "ಬೇಗ ಹೇಳು ಉಮ್ಮಿ, ವಾರ್ಡಲ್ಲಿ ಕರೀತಿದ್ದಾರೆ" ಅಂದೆ. ಗಾಬರಿಯಲ್ಲಿ ಅವಳ ಬಾಯಿಂದ ಬಂದದ್ದು ಇಷ್ಟೇ: "ಲೇಬಾ, ಅಬೀರ್. ಲೇಬಾ ಉರೀತಿದೆ." ನೀನು ಕೂಡಲೇ "ಯಾವಾಗಿಂದ? ಕಣ್ಣು ಹಳದಿ ಆಗಿದ್ಯಾ? ಊಟ ಸೇರತ್ತಾ?" ಎಂದು ಶುರುಮಾಡಿದೆ. ಅವಳು ಫೋನ್ ಹಿಡಿದು ನನ್ನ ಮುಖ ನೋಡಿದಳು. ಮರುದಿನ ನೀನು ಮತ್ತೆ ಫೋನ್ ಮಾಡಿದೆ, ಅದರ ಮರುದಿನವೂ ಮಾಡಿದೆ. ಅದಕ್ಕೆ ಮೊದಲು ವಾರಕ್ಕೊಮ್ಮೆ, ನಿಂತ ನಿಲುವಿನಲ್ಲಿ ಎರಡು ಮಾತು, ಅಷ್ಟೇ ತಾನೆ? ಆಮೇಲೆ ನೀನು ದಿನವೂ ಕೂತು ಕೇಳುತ್ತಿದ್ದೆ, ಏನು ತಿಂದೆ, ನಿದ್ದೆ ಬಂತಾ ಎಂದು. ಅವಳು ಆ ಕಾಯಿಲೆಯನ್ನು ಇಟ್ಟುಕೊಂಡುಬಿಟ್ಟಳು ಮಗಳೇ.

ನಿನ್ನ ಕಾಟಕ್ಕೆ ಸಲ್ವಾ ಅವಳನ್ನು ಸೂಸ್‌ನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದಳು. "ಇಷ್ಟು ಚೊಕ್ಕವಾದ ಲಿವರ್ ನಂಗೂ ಇಲ್ಲಮ್ಮ" ಎಂದರಂತೆ ಡಾಕ್ಟರು. ಬರುವಾಗ ಬಾಡಿಗೆ ಕಾರಿನಲ್ಲಿ ಉಮ್ಮಿ ನಿನ್ನ ಅಕ್ಕನ ಕೈಯನ್ನು ಕುರಾನಿನ ಮೇಲೆ ಇರಿಸಿದ ಹಾಗೆ ತನ್ನ ತಲೆಯ ಮೇಲೆ ಇರಿಸಿಕೊಂಡು ಆಣೆ ಹಾಕಿಸಿದಳು. "ವಾಸಿಯಾಯ್ತು ಅಂದ್ರೆ ಅವ್ಳು ಫೋನ್ ನಿಲ್ಸಿಬಿಡ್ತಾಳೆ ಕಣೇ. ನನ್ ಮೇಲಾಣೆ, ಹೇಳ್ಬೇಡ." ಅದಕ್ಕೇ ಸಲ್ವಾ ಇನ್ನೂ ಪರೀಕ್ಷೆ ನಡೀತಿದೆ, ಔಷಧಿ ನಡೀತಿದೆ ಎಂದು ನಿನಗೆ ಹಾರಿಕೆಯ ಉತ್ತರ ಕೊಡುತ್ತಿದ್ದಳು. ನೀನು ಕಳಿಸಿದ ಮಾತ್ರೆಗಳೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಗೇ ಇವೆ. ನೆರೆಹೊರೆಯವರಿಗೆ ತೆಗೆದು ತೋರಿಸಿ ಮತ್ತೆ ಮುಚ್ಚಿಡುತ್ತಿದ್ದಳು, ಮಗಳು ಕಳಿಸಿದ್ದು ಅಂತ.

ಆಗಸ್ಟಿನಲ್ಲಿ ಸಂಜೆಯ ನಮಾಜಿಗೆ ಕೂತವಳು ಏಳಲಿಲ್ಲ. ನಿಂತದ್ದು ಅವಳ ಹೃದಯ, ಡಾಕ್ಟರು ಬರೆದುಕೊಟ್ಟದ್ದೂ ಅದನ್ನೇ. ನಿನಗೆ ವಿಮಾನ ಸಿಕ್ಕಿ ನೀನು ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ನೀನು ಆ ಕಾಗದವನ್ನು ನಂಬಲಿಲ್ಲ. ಸಾವಿನ ಮನೆಗೆ ಬಂದ ಹೆಂಗಸರೆಲ್ಲರ ಎದುರು ನಿನ್ನ ಅಕ್ಕನಿಗೆ ಅಂದೆ, "ವಾಸಿಯಾಗೋ ಕಾಯಿಲೆ ಅದು. ನೀನು ನೆಟ್ಟಗೆ ತೋರ್ಸಿದ್ರೆ ಬದುಕ್ತಿದ್ಳು. ನೀನೇ ಕೊಂದಿದ್ದು ಉಮ್ಮೀನ." ನಾನು ಬಾಯಿ ತೆರೆದೆ. ಸಲ್ವಾ ನನ್ನ ಮಣಿಕಟ್ಟು ಹಿಡಿದುಕೊಂಡಳು, ಉಗುರು ಇಳಿಯುವಷ್ಟು ಬಿಗಿಯಾಗಿ. ನೀನು ಹೊರಟ ಮೇಲೆ ಹೇಳಿದಳು, "ಬೇಡ ಬಾಬಾ. ನನ್ ಮೇಲಿನ ಸಿಟ್ಟನ್ನ ಅವ್ಳು ಹೊತ್ಕೋತಾಳೆ. ಇದನ್ನ ಹೊತ್ಕೊಳಕ್ಕಾಗಲ್ಲ ಅವಳಿಗೆ."

ಅಂದಿನಿಂದ ನೀವಿಬ್ಬರೂ ಮಾತಾಡಿಲ್ಲ. ಹೆಂಡತಿಯನ್ನು ಕಳೆದುಕೊಂಡೆ, ಜೊತೆಗೆ ಇಬ್ಬರು ಹೆಣ್ಣುಮಕ್ಕಳ ಗಲಾಟೆಯನ್ನೂ ಕಳೆದುಕೊಂಡೆ. ನನಗೆ ತಡೆಯಲಾಗುತ್ತಿಲ್ಲ. ಆಣೆ ಹಾಕಿದ್ದು ಸಲ್ವಾ, ನಾನಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಓದಿ ನಿನ್ನನ್ನು ನೀನೇ ಶಪಿಸಿಕೊಳ್ಳಬೇಡ. ಹುಟ್ಟಿದಂದಿನಿಂದ ಕೇಳಿದ ಮಾತಾದರೂ ಆಸ್ಪತ್ರೆಯ ಬಟ್ಟೆ ತೊಟ್ಟು ಎದುರಿಗೆ ಬಂದರೆ ಯಾರಿಗೆ ಗುರುತು ಸಿಗುತ್ತದೆ? ಅವಳು ನಿನ್ನ ಭಾಷೆಯಲ್ಲಿ ಹೇಳಿದಳು, ನೀನು ನಿನ್ನ ಕೆಲಸದಂತೆ ಕೇಳಿಸಿಕೊಂಡೆ. ಅತ್ತುಬಿಡು. ನಾನೂ ಇಲ್ಲಿ ಅಳುತ್ತಲೇ ಬರೆಯುತ್ತಿದ್ದೇನೆ, ಅಕ್ಷರ ಕಲಸಿದ್ದರೆ ಸರಿಮಾಡಿಕೊಂಡು ಓದು.

ನೀನು ಎತ್ತಿ ಕೂರಿಸುವ ಪ್ರತಿಯೊಬ್ಬ ರೋಗಿಯ ಹರಕೆಯೂ ನಿನ್ನನ್ನು ಕಾಯಲಿ. ಬೆಚ್ಚಗಿರು.

ನಿನ್ನ ಬಾಬಾ
ಶಾದ್ಲಿ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಸಲ್ವಾಳ ಮಗಳು ಯುಸ್ರಾ ಜರ್ಮನ್ ಪರೀಕ್ಷೆ ಪಾಸಾಗಿದ್ದಾಳೆ, ನಿನ್ನ ಊರಿನ ಆಸ್ಪತ್ರೆಯಲ್ಲೇ ಕೆಲಸ ಸಿಕ್ಕಿದೆ. ಜನವರಿಗೆ ಬರುತ್ತಾಳೆ. ಕರೆದುಕೊಳ್ಳಲು ಹೋಗು ಎಂದು ನಿನ್ನಕ್ಕ ಕೇಳುವುದಿಲ್ಲ, ನಾನು ಕೇಳುತ್ತಿದ್ದೇನೆ. ನಿನ್ನೆ ಕೆಲಸದ ಅಭ್ಯಾಸಕ್ಕೆಂದು ಯುಸ್ರಾ ತಾಯಿಯನ್ನು ಅದೇ ದಿವಾನದ ಮೇಲೆ ಮಲಗಿಸಿ, ಎಲ್ಲಿ ನೋಯುತ್ತಿದೆ ಎಂದು ಜರ್ಮನ್‌ನಲ್ಲಿ ಕೇಳಿದಳು. ಸಲ್ವಾ ಬಲಪಕ್ಕೆಯ ಕೆಳಗೆ ಕೈಯಿಟ್ಟುಕೊಂಡಳು. "ಲೇಬಾ! ಸರಿಯಾಗ್ ತೋರಿಸ್ದೆ ಉಮ್ಮಿ" ಎಂದು ಹುಡುಗಿ ಚಪ್ಪಾಳೆ ತಟ್ಟಿದಳು. ಅದು ಕಾಯಿಲೆಯ ಮಾತಲ್ಲ, ಕೆಬ್ದಾ ಎಂದು ಅವಳಿಗೆ ನೀನು ತಿಳಿಸಿಕೊಡು. ಮತ್ತೆ ನಿನ್ನಕ್ಕನಿಗೆ ಫೋನ್ ಮಾಡು ಅಬೀರ್, ದಿನವೂ ಮಾಡು. ಅವಳಿಗೆ ಯಾವ ಕಾಯಿಲೆಯೂ ಇಲ್ಲ. ಆದರೂ ಮಾಡು.