ಮಗನಿಗೆ ಬಿಡಬೇಕಾದ ಕೆಲಸ

ಮಾರುತೇಶ, ಈ ಪತ್ರ ನಿನಗೆ ಕಳಿಸುವುದಿಲ್ಲ. ಅದಕ್ಕೇ ಗಂಡನನ್ನು ಹೆಸರು ಹಿಡಿದು ಕರೆದಿದ್ದೇನೆ.

ಕೀಲುವಾತದಿಂದ ಬೆರಳು ಸೊಟ್ಟಗಾದ ನಿನ್ನ ಅವ್ವನನ್ನು ಇವತ್ತು ಚಳ್ಳಕೆರೆ ಆಸ್ಪತ್ರೆಗೆ ಕರೆದೊಯ್ದಿದ್ದೆ. ಕೀಲುಗಳಿಗೆ ಭಾರ ಬೀಳದಂತೆ ಲೋಟವನ್ನು ಎರಡೂ ಅಂಗೈಯಲ್ಲಿ ಎತ್ತುವುದನ್ನು ಥೆರಪಿಸ್ಟ್ ಹುಡುಗಿ ಕಲಿಸಿದಳು.

"ಬಟ್ಟೆ ಹಿಂಡೋದು, ಕೊಡ ಎತ್ತೋದು ಮಗನಿಗೆ ಬಿಡಿ, ಅಜ್ಜಿ," ಎಂದಳು.

"ನಂಗೆ ಮಗ ಇಲ್ಲ ಕಣವ್ವ. ಸೊಸೆ ಇದಾಳೆ," ಎಂದರು ಅತ್ತೆ.

ಹುಡುಗಿ ನನ್ನತ್ತ ತಿರುಗಿ, "ಅಯ್ಯೋ, ಯಾವಾಗ ತೀರ್ಕೊಂಡ್ರು ಅಕ್ಕಾ?" ಎಂದಳು.

"ಹೋದ ಯುಗಾದಿಗೆ," ಎಂದೆ. ನೀನು ಆ ಹೆಂಗಸಿನ ಜೊತೆ ಬಳ್ಳಾರಿಗೆ ಹೊರಟ ದಿನವನ್ನೇ ಹೇಳಿದೆ.

ಬಸ್ಸಿನಲ್ಲಿ ಅತ್ತೆ, "ನಾನು ಹಂಗಂದಿದ್ದು ತಪ್ಪಾಯ್ತೇನೇ?" ಎಂದರು.

"ಇಲ್ಲ ಬಿಡ್ರಿ," ಎಂದೆ.

ಮೊಳಕಾಲ್ಮೂರು ಬರುವವರೆಗೂ ಅತ್ತರು. ಕಣ್ಣೊರೆಸಲು ಸೆರಗು ಹಿಡಿಯುವಷ್ಟೂ ಅವರ ಬೆರಳು ಮಡಚಲಿಲ್ಲ. ನಾನೂ ಅವರ ಕಣ್ಣೊರೆಸಲಿಲ್ಲ; ಆ ಕೆಲಸ ನಿನಗೆ ಬಿಟ್ಟೆ.