ದಾಯ್ಮೆ ಎಂಬ ಅಡ್ಡಹೆಸರು

ಸಲ್ತ್
14 ಅಕ್ಟೋಬರ್ 1986

ಪ್ರೀತಿಯ ತಂಗಿ ರಾವಿಯಾಗೆ ಅಕ್ಕ ಫೆರ್ಯಾಲಳ ಸಲಾಮು. ನೀನು, ನಿನ್ನ ಗಂಡ, ಮಕ್ಕಳು ಎಲ್ಲರೂ ಅಕಬಾದ ಆ ಬಿಸಿಲಿನಲ್ಲಿ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ.

ನಿನ್ನ ಪತ್ರ ಸೋಮವಾರ ಬಂತು. ಅದರ ಮೊದಲ ಸಾಲು ‘ನನ್ನ ಮುದ್ದಿನ ದಾಯ್ಮೆಗೆ’ ಎಂದಿತ್ತು. ಆ ಸಾಲಿನ ಬಗ್ಗೆ ಸದ್ಯಕ್ಕೆ ಏನೂ ಹೇಳುವುದಿಲ್ಲ. ಉಳಿದದ್ದಕ್ಕೆ ಉತ್ತರ ಬರೆಯುತ್ತೇನೆ.

ನಿನ್ನ ಮೀನಿನ ಅಡುಗೆಗೆ ಅತ್ತೆ ಹೆಸರಿಡುವ ವಿಷಯ ನನಗೆ ಮೊದಲೇ ಗೊತ್ತಿತ್ತು. ಬೇಸಿಗೆಯಲ್ಲಿ ನೀನು ಇಲ್ಲಿದ್ದಾಗ ನಿನ್ನ ಗಂಡ ಟೆಲಿಫೋನು ಮಾಡಿದ್ದನಲ್ಲ, ಆಗ ಎತ್ತಿಕೊಂಡವಳು ನಾನು. ನಮ್ಮಿಬ್ಬರ ದನಿ ಅವನಿಗೆ ಇಷ್ಟು ವರ್ಷವಾದರೂ ಬೇರೆ ಮಾಡಲು ಬರುವುದಿಲ್ಲ. ನಾನೇ ನೀನೆಂದು ತಿಳಿದು ಐದು ನಿಮಿಷ ತನ್ನ ತಾಯಿಯ ಪರವಾಗಿ ವಾದ ಮಾಡಿದ. ಮದುವೆಗೆ ಮುಂಚೆ ಅಪ್ಪನಿಗೂ ಹಾಗೇ ಆಗುತ್ತಿತ್ತು. ಬಾಗಿಲಾಚೆಯಿಂದ ಕೂಗಿದರೆ ಇಬ್ಬರಲ್ಲಿ ಯಾರು ಓಗೊಟ್ಟರೆಂದು ತಿಳಿಯದೆ ಇಬ್ಬರಿಗೂ ಬೈಯುತ್ತಿದ್ದರು. ಆದರೆ ಆಗ ನಿನ್ನ ಅತ್ತೆ ಮೀನಿನಲ್ಲಿ ಉಪ್ಪು ಕಡಿಮೆ ಎಂದಿದ್ದರು, ಅಷ್ಟೆ. ಈಗ ಶುಕ್ರವಾರದ ಊಟಕ್ಕೆ ಒಂಬತ್ತು ಜನರ ಮುಂದೆ, “ಪಾಪ, ಈ ಮೀನಿಗೆ ಎರಡೆರಡು ಸಾವು. ಒಂದು ಬಲೇಲಿ, ಇನ್ನೊಂದು ನಮ್ಮ ಸೊಸೆ ಕೈಲಿ” ಅಂದರಂತೆ. ಓದಿ ನಾನು ನಕ್ಕುಬಿಟ್ಟೆ, ಕ್ಷಮಿಸು. ಆಮೇಲೆ ನೀನು ಮೂರು ಶುಕ್ರವಾರದಿಂದ ಅವರ ಮನೆಗೆ ಹೋಗಿಲ್ಲ, ಇನ್ನು ಹೋಗುವುದೂ ಇಲ್ಲ ಎಂದು ಬರೆದದ್ದು ಓದಿ ನಗು ನಿಂತಿತು.

ಕೊನೆಯಲ್ಲಿ ಕೇಳಿದ್ದೀಯ: ‘ನಿನ್ನ ಅತ್ತಿಗೆ ವಿದಾದಳ ಬಾಯಿಯನ್ನು ನೀನು ಇಪ್ಪತ್ತೆರಡು ವರ್ಷದಿಂದ ಹೇಗೆ ಸಹಿಸಿಕೊಂಡೆ, ಅದನ್ನು ನನಗೂ ಹೇಳಿಕೊಡು.’ ಹೇಳಿಕೊಡುವಂಥದ್ದು ನನ್ನಲ್ಲಿ ಹೆಚ್ಚೇನೂ ಇಲ್ಲ. ನಡೆದದ್ದನ್ನು ಬರೆಯುತ್ತೇನೆ. ಈ ತಿಂಗಳು ನಡೆದದ್ದೂ ಇದೆ. ಮಗಳು ನುಹಾಳ ನಿಶ್ಚಯಕ್ಕೆ ನಿನಗೆ ಬರಲಾಗಲಿಲ್ಲ. ಅಲ್ಲಿ ನಾನೂ ಇಲ್ಲದಂತಾಗುವುದರಲ್ಲಿತ್ತು.

ಅಪ್ಪ ನಮ್ಮನ್ನು ಹೇಗೆ ಬೆಳೆಸಿದರೆಂದು ನಿನಗೆ ಗೊತ್ತು. ಕಾಫಿ ಕುಡಿದು ಕಪ್ಪು ಹಿಂದಕ್ಕೆ ಕೊಡುವಾಗ ‘ದಾಯ್ಮೆ’ ಅನ್ನಬೇಕು, ಈ ಮನೆಯಲ್ಲಿ ಸದಾ ಹೀಗೇ ನಡೆಯಲಿ ಎಂದು ಹರಸಬೇಕು. ಅನ್ನದೆ ಎದ್ದರೆ ಮತ್ತೆ ಕರೆದು ಕೂರಿಸುತ್ತಿದ್ದರು. ಎಲ್ಲ ಮನೆಯಲ್ಲೂ ಅನ್ನಬೇಕು, ಸಾವಿನ ಮನೆಯೊಂದನ್ನು ಬಿಟ್ಟು. ಅಲ್ಲಿ ಕಹಿ ಕಾಫಿ ಕುಡಿದು ‘ದೇವರು ಅವರಿಗೆ ದಯೆ ತೋರಲಿ’ ಎಂದು ಎದ್ದು ಬರಬೇಕು. ಅಲ್ಲಿ ದಾಯ್ಮೆ ಎಂದರೆ ಏನರ್ಥವಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಘಾಲಿಬರ ಜೊತೆ ನನ್ನ ಮದುವೆಯಾಗಿ ಎರಡು ತಿಂಗಳಿಗೆ ಅವರ ದೊಡ್ಡಮ್ಮ ತೀರಿಕೊಂಡರು. ಅಮ್ಮನಿಗೆ ಜ್ವರವಿತ್ತು, ಅವಳ ಬದಲು ನೀನು ಬಂದಿದ್ದೆ. ನಿನಗೆ ಹದಿನಾರು. ಗೋಡೆಗುಂಟ ಹೆಂಗಸರು ಕೂತಿದ್ದರು, ನಾವಿಬ್ಬರೂ ಒತ್ತಿಕೊಂಡು ಕೂತಿದ್ದೆವು. ಕಾಫಿ ಬಂತು. ಕಪ್ಪು ಹಿಂದಕ್ಕೆ ಕೊಡುವ ಹೊತ್ತಿಗೆ ಆ ಮಾತು ಹೊರಬಿತ್ತು, ಮೆಲ್ಲಗೆ, ತುಂಬ ಮರ್ಯಾದೆಯಿಂದ. ಇಡೀ ಕೋಣೆ ನನ್ನ ಕಡೆ ತಿರುಗಿತು. ಘಾಲಿಬರ ಅಕ್ಕ ವಿದಾದ್ ಎದುರು ಸಾಲಿನಲ್ಲಿದ್ದರು. “ಹೊಸ ಸೊಸೆ ಹರಸ್ತಾ ಇದಾಳೆ. ಎಲ್ಲರೂ ಆಮೀನ್ ಅನ್ನಿ” ಅಂದರು.

ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಆದರೆ ನಲವತ್ತು ದಿನ ತುಂಬುವ ಮೊದಲೇ ದೊಡ್ಡಪ್ಪನೂ ಹೋದರು. ಅವರಿಗೆ ಎಂಬತ್ತೊಂಬತ್ತಾಗಿತ್ತು, ಶ್ವಾಸಕೋಶ ಒಂದೇ ಉಳಿದಿತ್ತು ಎನ್ನುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದೇ ಕೋಣೆ, ಅದೇ ಗೋಡೆ, ಅದೇ ಕಾಫಿ. ಅಂದಿನಿಂದ ನಾನು ದಾಯ್ಮೆ. ನಿನಗೂ ನೆನಪಿರಬೇಕು, ಮೊದಲ ದಿನ ಮನೆಗೆ ಹೋಗುವ ದಾರಿಯುದ್ದಕ್ಕೂ ನೀನು ನಗು ತಡೆಯಲಾಗದೆ ತಲೆವಸ್ತ್ರದ ತುದಿ ಕಚ್ಚಿಕೊಂಡಿದ್ದೆ.

ಆಮೇಲಿನದನ್ನು ಉದ್ದಕ್ಕೆ ಬರೆಯುವುದಿಲ್ಲ. ಮದುವೆ, ಸುನ್ನತಿ, ಹಜ್ ಮಾಡಿ ಬಂದವರ ಮನೆ, ಎಲ್ಲಿ ನನ್ನ ಕೈಗೆ ಕಪ್ಪು ಬಂದರೂ ವಿದಾದ್ ಅತ್ತಿಗೆ ಒಂದು ಮಾತು ಸೇರಿಸುತ್ತಿದ್ದರು. “ಇವಳಿಗೆ ಚಹಾ ಕೊಡಿ, ಕಾಫಿ ಬೇಡ. ಅಜ್ಜ ಇನ್ನೂ ಚೆನ್ನಾಗಿದಾರೆ.” ಅಥವಾ, “ಫೆರ್ಯಾಲ್ ಬಂದಳು, ಡಾಕ್ಟರನ್ನ ಕರೀರಿ.” ಜನ ನಗುತ್ತಿದ್ದರು. ನಗದೆ ಏನು ಮಾಡುತ್ತಾರೆ, ಆಕೆ ಹೇಳುವ ರೀತಿ ಹಾಗಿದೆ. ನಾನೂ ನಗುತ್ತಿದ್ದೆ. ತಿರುಗೇಟು ನನಗೆ ಆ ಕ್ಷಣಕ್ಕೆ ಹೊಳೆಯುವುದಿಲ್ಲ. ಮನೆಗೆ ಬಂದು, ಅಜ್ಜ ಬಿಟ್ಟುಹೋದ ಮರದ ಒರಳಿಗೆ ಹುರಿದ ಕಾಫಿಬೀಜ ಹಾಕಿ ಒನಕೆ ಹಿಡಿದರೆ ಒಂದೊಂದಾಗಿ ಬರುತ್ತಿತ್ತು. ಒಂದು ಏಟಿಗೆ ಒಂದು ಉತ್ತರ. ‘ನಿಮ್ಮ ನಾಲಿಗೆ ಮನೆ ಬಾಗಿಲಿಗೆ ಕಟ್ಟಿದ್ರೆ ಕಳ್ಳರೇ ಬರ್ತಿರಲಿಲ್ಲ.’ ಧಡ್. ‘ನಾನು ಬಾಯಿ ಬಿಟ್ಟರೆ ಜನ ಸಾಯೋದಾದ್ರೆ ಮೊದಲು ಯಾರ ಮುಂದೆ ಬಿಡ್ತಿದ್ದೆ ಗೊತ್ತಾ?’ ಧಡ್. ಬೀಜ ಹಿಟ್ಟಾಗುವ ಹೊತ್ತಿಗೆ ಮನಸ್ಸು ಹಗುರವಾಗುತ್ತಿತ್ತು.

ಇದರಲ್ಲೊಂದು ತೊಂದರೆ ಇತ್ತು. ನಮ್ಮ ಕಡೆ ಒರಳಿನ ಸದ್ದು ಕೇಳಿದರೆ ಕಾಫಿಗೆ ಕರೆದ ಹಾಗೆ. ನಾನು ಯಾರ ಮೇಲಿನ ಸಿಟ್ಟಿಗೆ ಕುಟ್ಟುತ್ತಿದ್ದೆನೋ ಅವರ ಮನೆ ನಮ್ಮ ಬೀದಿಯ ಮೆಟ್ಟಿಲ ಸಾಲಿನ ತುದಿಯಲ್ಲೇ ಇದೆ. ಹತ್ತು ನಿಮಿಷದಲ್ಲಿ ವಿದಾದ್ ಅತ್ತಿಗೆ ಬಾಗಿಲಲ್ಲಿ ನಿಂತಿರುತ್ತಿದ್ದರು. “ಸದ್ದು ಕೇಳಿಸ್ತು. ಇವತ್ತು ಜೋರಾಗೇ ಕುಟ್ಟಿದೀಯಲ್ಲ, ಯಾರಾದ್ರೂ ದೊಡ್ಡೋರು ಬರ್ತಿದಾರಾ?” ಎಂದು ಒಳಗೆ ಬಂದು ಮೂರು ಕಪ್ಪು ಕುಡಿದು ಹೋಗುತ್ತಿದ್ದರು. ಇಪ್ಪತ್ತೆರಡು ವರ್ಷ ಹೀಗೆ ನಡೆಯಿತು.

ಹೋದ ತಿಂಗಳು ಕೆಳಗಿನ ಬೀದಿಯ ಹಕೀಮಾ ಅಜ್ಜಿ ತೀರಿಕೊಂಡರು. ನಾನೂ ವಿದಾದ್ ಅತ್ತಿಗೆಯೂ ಒಟ್ಟಿಗೆ ಹೋದೆವು, ಅಕ್ಕಪಕ್ಕ ಕೂತೆವು. ಕಾಫಿಯ ಹೂಜಿ ಹಿಡಿದು ಅಜ್ಜಿಯ ಮಗಳು ಸಾಲಿನಲ್ಲಿ ಹತ್ತಿರ ಬರುತ್ತಿದ್ದಾಗ ಅತ್ತಿಗೆ ನನ್ನ ಕಿವಿಗೆ ಬಾಗಿ, “ಬಾಯಿಗೆ ಬೀಗ ಹಾಕ್ಕೊಂಡಿದೀಯ ತಾನೇ? ಆ ಮಾತು ಅನ್ನಬೇಡ. ಆ ಮಾತು ಗೊತ್ತಲ್ಲ?” ಅಂದರು. ನಾನು ಕುಡಿದು, ಸಾಕೆಂದು ಕಪ್ಪು ಅಲ್ಲಾಡಿಸಿ ಕೊಟ್ಟು, ಬಾಯಿ ಮುಚ್ಚಿಕೊಂಡೇ ಕೂತೆ. ಅವರು ಕುಡಿದರು. ಕಪ್ಪು ಕೊಟ್ಟರು. “ದಾಯ್ಮೆ” ಅಂದರು.

ಇಪ್ಪತ್ತೆರಡು ವರ್ಷ ಕಾಫಿ ಕಂಡಾಗಲೆಲ್ಲ ಆ ಮಾತನ್ನೇ ನನ್ನ ಮೇಲೆ ಎಸೆದು ಅವರ ನಾಲಿಗೆಗೆ ಅದೇ ರೂಢಿಯಾಗಿತ್ತು.

ಈಗ ಕೇಳು. ಇಡೀ ಕೋಣೆ ತಿರುಗಿತು. ಯಾರ ಕಡೆಗೆ? ನನ್ನ ಕಡೆಗೆ. ಒಬ್ಬಳಾದರೂ ಬೇಕಲ್ಲ, ಪಕ್ಕಕ್ಕೆ ಕಣ್ಣು ಹಾಯಿಸುವವಳು. ಆಗಲೇ ಪಕ್ಕದವರ ಕಪ್ಪಿಗೆ ಬಗ್ಗಿದ್ದ ಅಜ್ಜಿಯ ಮಗಳು ಹೂಜಿಯನ್ನು ನೆಲಕ್ಕಿಟ್ಟು, “ಮತ್ತೆ ನೀನೇನಾ ಫೆರ್ಯಾಲ್? ನಮ್ಮಮ್ಮನ್ನೂ ಬಿಡಲಿಲ್ವಾ?” ಎಂದು ಅತ್ತಳು. ನಾನು ಅತ್ತಿಗೆಯತ್ತ ನೋಡಿದೆ. ಅವರು ತಮ್ಮ ಮೊಣಕಾಲನ್ನು ಮೊದಲ ಸಲ ನೋಡಿದವರ ಹಾಗೆ ನೋಡುತ್ತಿದ್ದರು. ನಾನು, “ತಪ್ಪಾಯ್ತಮ್ಮ, ದೇವರು ಅಜ್ಜಿಗೆ ದಯೆ ತೋರಲಿ” ಎಂದು ಎದ್ದು ಬಂದೆ. ದೊಡ್ಡ ಮನಸ್ಸು ಮಾಡಿದೆ ಎಂದುಕೊಳ್ಳಬೇಡ. ಬೇರೆ ಉತ್ತರ ಹೊಳೆಯಲಿಲ್ಲ, ಇದಾದರೆ ಅಭ್ಯಾಸವಿತ್ತು.

ಆ ಸಂಜೆ ಘಾಲಿಬ್ ಊಟಕ್ಕೆ ಕೂತವರು ತಟ್ಟೆ ನೋಡುತ್ತಲೇ ಮಾತು ತೆಗೆದರು. ಹತ್ತು ದಿನಕ್ಕೆ ನುಹಾಳನ್ನು ಕೇಳಲು ಗಂಡಿನ ಕಡೆಯ ಹಿರಿಯರು ಬರುವವರಿದ್ದರು. “ಹುಡುಗನ ತಾಯಿ ಉಮ್ಮ್ ಬಾಸಿಲ್ ಶಕುನ ನೋಡೋರಂತೆ. ಮಗನ ಮದುವೆ ಮಾತು. ಆ ದಿನ ಕಾಫಿ ವಿದಾದಕ್ಕ ನೋಡ್ಕೊಳ್ಳಲಿ. ನೀನು ಅಡುಗೆಮನೇಲೇ ಇದ್ದುಬಿಡು. ಹೊರಗೆ ಬಂದು ಏನೂ ಮಾತಾಡೋದು ಬೇಡ” ಅಂದರು. ಒಬ್ಬಳೇ ಮಗಳು, ಅವಳ ನಿಶ್ಚಯಕ್ಕೆ ತಾಯಿ ಅಡುಗೆಮನೆಯಲ್ಲಿ! ಬೆಳಗ್ಗೆ ಎದ್ದು ಒರಳು ಎಳೆದುಕೊಂಡೆ. ಆ ದಿನ ಕುಟ್ಟಿದ್ದಕ್ಕೆ ಒರಳಿನ ಅಂಚು ಸೀಳಿದೆ, ನೀನು ಬಂದಾಗ ತೋರಿಸುತ್ತೇನೆ.

ಅತ್ತಿಗೆ ಬಂದರು. ಎಂದಿನ ಹಾಗೆ ಬಾಗಿಲಲ್ಲಿ ಮಾತಾಡಲಿಲ್ಲ. ಕೂತು ಒಂದು ಕಪ್ಪು ಕುಡಿದರು. “ಏಲಕ್ಕಿ ಜಾಸ್ತಿಯಾಯ್ತು” ಅಂದರು. ನಾನು ಎರಡನೆಯದು ಹಾಕಿದೆ. ಅದನ್ನು ಕುಡಿದು ಕಪ್ಪು ಕೊಡುವಾಗ ಬಾಯಿ ತೆರೆದು, ಏನೋ ನೆನಪಾಗಿ, ಮುಚ್ಚಿಕೊಂಡರು. ರಾವಿಯಾ, ನಿಜ ಹೇಳುತ್ತೇನೆ, ನನಗೆ ಅಷ್ಟು ಸಂತೋಷ ಈಚೆಗೆ ಯಾವುದರಿಂದಲೂ ಆಗಿರಲಿಲ್ಲ. ಇನ್ನೊಂದು ಕಪ್ಪು ಬಲವಂತ ಮಾಡಿ ಕುಡಿಸಿದೆ, ಆ ಬಾಯಿ ಇನ್ನೊಮ್ಮೆ ತೆರೆದು ಮುಚ್ಚುವುದನ್ನು ನೋಡಲಿಕ್ಕಾಗಿಯೇ.

ಆಮೇಲೆ ಹೇಳಿದೆ: “ನುಹಾಳ ದಿನ ನಾನು ಅಡುಗೆಮನೇಲಿ ಇರಬೇಕಂತೆ ಅತ್ತಿಗೆ. ಕಾಫಿ ನೀವು ಮಾಡಬೇಕಂತೆ.”

“ಯಾರು ಹೇಳಿದ್ದು?”

“ನಿಮ್ಮ ತಮ್ಮ.”

ಅವರು ಖಾಲಿ ಕಪ್ಪನ್ನು ಕೈಯಲ್ಲಿ ತಿರುಗಿಸುತ್ತ, “ಸ್ವಲ್ಪ ಸಕ್ಕರೆ ಇದೆಯಾ?” ಅಂದರು. ಹುಟ್ಟಿದಾಗಿನಿಂದ ಕಾಫಿಗೆ ಸಕ್ಕರೆ ಮುಟ್ಟದ ಹೆಂಗಸು. ಕೊಟ್ಟೆ. ಹಾಕಿಕೊಳ್ಳದೆ ಎದ್ದು ಹೋದರು.

ನಿಶ್ಚಯದ ದಿನ ನಾನು ಅಡುಗೆಮನೆಯಲ್ಲಿದ್ದೆ. ಅಷ್ಟರಲ್ಲಿ ಒಂದು ಮಾತು ಗೆದ್ದಿದ್ದೆ: ಹೂಜಿ ಹಿಡಿಯುವುದು ಅತ್ತಿಗೆಯಾದರೂ ಕಾಫಿ ನಾನೇ ಕುಟ್ಟಿ ಕುದಿಸಿದ್ದು. ಹೊರಕೋಣೆಯಲ್ಲಿ ಗಂಡಸರು. ಗಂಡು ಬಾಸಿಲನ ಅಜ್ಜ ತಮ್ಮ ಮುಂದಿಟ್ಟ ಕಪ್ಪನ್ನು ಮುಟ್ಟದೆ ಕೂತಿದ್ದರು. ಹುಡುಗಿಯನ್ನು ಕೊಡುತ್ತೇವೆ ಎನ್ನುವವರೆಗೆ ಕುಡಿಯುವ ಹಾಗಿಲ್ಲವಲ್ಲ. ನಮ್ಮ ಕಡೆಯ ಹಿರಿಯರು ಭಾಷಣವನ್ನು ಎಷ್ಟು ಎಳೆದರೆಂದರೆ ಆ ಕಪ್ಪು ಆರಿ ತಣ್ಣಗಾಗಿರಬೇಕು. ಕೊನೆಗೆ, “ಕಾಫಿ ಕುಡೀರಿ, ನಮ್ಮ ಮಗಳು ನಿಮ್ಮ ಮಗಳು” ಎಂದದ್ದು ಕೇಳಿಸಿತು. ಒಳಕೋಣೆಯ ಹೆಂಗಸರು ನಾಲಿಗೆ ಹೊರಳಿಸಿ ಶುಭದ ಉಲುಉಲು ಹಾಕಿದರು. ನಾನು ಪಾತ್ರೆಗಳ ಮಧ್ಯೆ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, ಒಂದು ಸಣ್ಣ ಉಲುಉಲು ಹಾಕಿದೆ.

ಕುನಾಫೆ ಸಿಹಿಯ ತಟ್ಟೆ ಕೊಡಲು ಹೆಂಗಸರ ಕೋಣೆಯ ಬಾಗಿಲವರೆಗೆ ಹೋಗಬೇಕಾಯಿತು. ಅದೇ ಹೊತ್ತಿಗೆ ಉಮ್ಮ್ ಬಾಸಿಲ್ ಕಾಫಿ ಕುಡಿದು ಮುಗಿಸಿ ಸುತ್ತ ನೋಡಿ, “ಹುಡುಗಿ ತಾಯಿ ಎಲ್ಲಿ? ಇನ್ನೂ ನೋಡೇ ಇಲ್ಲ. ಅವರನ್ನ ದಾಯ್ಮೆ ಅಂತ ಕರೀತಾರಂತೆ, ಹೌದಾ? ಯಾಕೆ ಆ ಹೆಸರು?” ಎಂದು ಕೇಳಿದರು.

ಅಲ್ಲಿದ್ದ ಅರ್ಧದಷ್ಟು ಹೆಂಗಸರು ಹಕೀಮಾ ಅಜ್ಜಿಯ ಮನೆಯಲ್ಲಿದ್ದವರು. ನುಹಾಳ ಮುಖ ಬಿಳಿಚಿತು. ಎಲ್ಲರೂ ವಿದಾದ್ ಅತ್ತಿಗೆಯನ್ನು ನೋಡಿದರು, ಆ ಕಥೆ ಹೇಳುವ ಹಕ್ಕು ಇಷ್ಟು ವರ್ಷ ಅವರದ್ದೇ ಆಗಿತ್ತು.

ಅತ್ತಿಗೆ ಹೂಜಿಯನ್ನು ಕೆಳಗಿಟ್ಟರು. “ನೀವು ಈಗ ಕುಡಿದ್ರಲ್ಲ, ಅದು ಅವಳ ಕಾಫಿ. ಕುಡಿದು ದಾಯ್ಮೆ ಅನ್ನದೆ ಎದ್ದೋರು ಈ ಊರಲ್ಲಿ ಯಾರಿದಾರೆ? ಆ ರುಚಿ ನಾಲಿಗೆಗೆ ಹತ್ತಿಬಿಟ್ರೆ ಎಲ್ಲಿದೀವಿ ಅಂತಾನೇ ಮರೆತುಹೋಗುತ್ತೆ. ಹೋದ ತಿಂಗಳು ಹಕೀಮಾ ಅಜ್ಜಿ ಸತ್ತ ಮನೇಲಿ ಆ ಮಾತು ಅಂದ್ಲು ಅಂತ ಎಲ್ಲ ಇವಳನ್ನ ಬೈದ್ರು. ಅಂದಿದ್ದು ನಾನು.”

ಯಾರೋ ಕೆಮ್ಮಿದರು. ಅತ್ತಿಗೆ ನನ್ನ ಕಡೆ ತಿರುಗಿ, “ನೀನೇನು ದೀಪದ ಕಂಬದ ಹಾಗೆ ನಿಂತಿದೀಯ? ಬಾ, ಕೂತ್ಕೋ. ಆ ಕುನಾಫೆ ಬಿಸಿ ಇರೋವಾಗ್ಲೇ ಹಂಚು. ನೀನು ಮಾಡಿದ್ದು ತಣ್ಣಗಾದ್ರೆ ಹಲ್ಲಿನ ಡಾಕ್ಟರಿಗೇ ಲಾಭ” ಅಂದರು. ಎಲ್ಲರೂ ನಕ್ಕರು. ನನಗೆ ನೋವಾಯಿತು ಎಂದು ಬರೆಯಲಾರೆ. ಉಮ್ಮ್ ಬಾಸಿಲ್ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿದರು. ಕೈಯಲ್ಲಿದ್ದ ಖಾಲಿ ಕಪ್ಪನ್ನು ನನಗೇ ಕೊಟ್ಟು ಜೋರಾಗಿ, “ದಾಯ್ಮೆ” ಅಂದರು.

ಎಲ್ಲರೂ ಹೋದ ಮೇಲೆ ಕಪ್ಪು ತೊಳೆಯುತ್ತಿದ್ದಾಗ ಅತ್ತಿಗೆ ಒರೆಸಲು ಬಂದರು. ಹಕೀಮಾ ಅಜ್ಜಿಯ ಮಗಳ ಮನೆಗೆ ನಾಳೆ ತಾವೇ ಹೋಗುವುದಾಗಿ ಹೇಳಿದರು. ಕ್ಷಮಿಸು ಎನ್ನಲಿಲ್ಲ, ಆ ಪದ ಆಕೆಯ ಬಾಯಲ್ಲಿ ಹಿಡಿಸುವುದಿಲ್ಲ. ಎರಡು ಕಪ್ಪು ಒರೆಸಿದ ಮೇಲೆ, “ಆದ್ರೆ ನೆನಪಿಟ್ಕೋ, ಮೊದಲನೇ ಸಲದ್ದು ಮಾತ್ರ ನಿಂದೇ. ಅದು ನನ್ನ ತಲೆಗೆ ಬೇಡ” ಅಂದರು. “ನಿಮ್ಮ ತಲೆಗೆ ಯಾಕೆ ಅತ್ತಿಗೆ” ಅಂದೆ.

ನಿನಗೆ ನಾನು ಕೊಡುವ ಬುದ್ಧಿ ಇಷ್ಟೇ: ಈ ಶುಕ್ರವಾರ ಹೋಗು. ನೀನು ಹೋಗದಿದ್ದರೆ ನಿನ್ನ ಅತ್ತೆಗೆ ಆ ಮೀನಿನ ಮಾತೊಂದೇ ಉಳಿಯುತ್ತದೆ, ಅದನ್ನೇ ಇಪ್ಪತ್ತು ವರ್ಷ ಆಡುತ್ತಾರೆ. ಹೋದರೆ ಪ್ರತಿವಾರ ಹೊಸದನ್ನು ಹುಡುಕಬೇಕಾಗುತ್ತದೆ. ಆ ವಯಸ್ಸಿಗೆ ಅದು ಸುಲಭವಲ್ಲ. ತಿರುಗೇಟು ಅಲ್ಲೇ ಹೊಳೆದರೆ ಕೊಡು, ಹೊಳೆಯದಿದ್ದರೆ ಮನೆಗೆ ಬಂದು ಏನನ್ನಾದರೂ ಕುಟ್ಟು. ಇದರ ಜೊತೆ ಒಂದು ಪೊಟ್ಟಣ ಕಾಫಿಪುಡಿ ಕಳಿಸಿದ್ದೇನೆ. ಘಾಲಿಬ್ ಅಡುಗೆಮನೆಯ ಮಾತು ಹೇಳಿದ ಮರುದಿನ ಕುಟ್ಟಿದ್ದು, ಅದಕ್ಕಿಂತ ನುಣ್ಣನೆಯದು ನಿನಗೆ ಎಲ್ಲೂ ಸಿಗಲಾರದು. ನಿನ್ನ ಅತ್ತೆಗೂ ಮಾಡಿಕೊಡು.

ಮಕ್ಕಳಿಗೆ ಮುತ್ತು.

ನಿನ್ನ ಅಕ್ಕ,
ಫೆರ್ಯಾಲ್

ಮರೆತ ಮಾತು: ಮೊದಲನೇ ಸಲದ್ದು ನನ್ನದಲ್ಲ. ನಾನು ಕಪ್ಪು ಕೊಟ್ಟು ಕೈ ಹಿಂದಕ್ಕೆ ತೆಗೆದುಕೊಂಡಿದ್ದೆ. ನೀನು ಕಪ್ಪು ಕೊಡುತ್ತ ಎದುರು ಕೂತಿದ್ದ ಹುಡುಗಿಯ ಹೊಸ ಬೂಟು ನೋಡುತ್ತಿದ್ದೆ. ಅಪ್ಪ ಕಲಿಸಿದ ಹಾಗೆ ನಿನ್ನ ಬಾಯಿ ತಾನಾಗಿ ‘ದಾಯ್ಮೆ’ ಅಂದಿತು, ನಿನಗೇ ಅದು ಗೊತ್ತಾಗಲಿಲ್ಲ. ದನಿ ಒಂದೇ, ಎಲ್ಲರೂ ನಾನೆಂದುಕೊಂಡರು. ಆ ವಾರ ನಿನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ನನಗಾದರೆ ಮದುವೆ ಆಗಿಹೋಗಿತ್ತು. ಇದನ್ನು ಹೇಳಬಾರದೆಂದೇ ಇಷ್ಟು ವರ್ಷ ಇದ್ದೆ. ಆದರೆ ನಿನ್ನ ಪತ್ರದ ಮೊದಲ ಸಾಲು ಓದಿದ ಮೇಲೆ ಎರಡು ಸಲ ಕಾಫಿ ಕುಟ್ಟಿದರೂ ಹೋಗಲಿಲ್ಲ. ಮುಂದಿನ ಪತ್ರವನ್ನು ಫೆರ್ಯಾಲ್ ಎಂದು ಬರೆದು ಶುರುಮಾಡು. ದಾಯ್ಮೆ ಎಂದೇ ಬರೆಯಬೇಕೆನಿಸಿದರೆ, ಕೊನೆಯಲ್ಲಿ ಸಹಿ ಹಾಕುವ ಜಾಗದಲ್ಲಿ ಬರೆ.